ವಖಾರಿಯಲ್ಲಿ ನಾನು ಮೊದಲು ಬೆಳಕು ನೋಡುತ್ತೇನೆ

ಶಿರಸಿಯ ಒಂದು ಖಾಸಗಿ ಅಡಿಕೆ ವಖಾರಿಯಲ್ಲಿ ಆರಿಸುವ ಹೆಂಗಸರ ಉಸ್ತುವಾರಿ ನನ್ನದು. ರೈತರು ತಂದ ಚಾಲಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿ ಸುಲಿದ ಅಡಿಕೆಯನ್ನು, ಮುಂದೆ ಸುರಿದುಕೊಂಡು ಅದರಲ್ಲಿ ಸೇರಿದ ಕಡಿಮೆ ದರ್ಜೆಯ ಬಿಳೆಗೋಟು, ಕೆಂಪುಗೋಟು, ಕೋಕಾ ಎಲ್ಲ ಬೇರೆ ಮಾಡುವುದು ಇವರ ಕೆಲಸ. ಕೇಳಲು ಸುಲಭ. ಸಂಜೆವರೆಗೆ ಬಗ್ಗಿ ಕೂತು ಒಂದೊಂದೇ ಅಡಿಕೆ ನೋಡಿದವರಿಗೇ ಗೊತ್ತು ಅದರ ಕಷ್ಟ.

ಜನರನ್ನು ಹುರಿದುಂಬಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಬಾಯಿಮಾತಿನ ಹುರುಪಿನಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಶಭಾಶ್ ಅಂದರೆ ಯಾರ ಸೊಂಟನೋವೂ ಹೋಗುವುದಿಲ್ಲ, ಅಲ್ವಾ? ಕೆಲಸಕ್ಕೆ ಅಡ್ಡ ಬರುವುದನ್ನು ದಿನಾ ಒಂದಿಷ್ಟು ಬದಿಗೆ ಸರಿಸುವುದು, ನನ್ನ ಪದ್ಧತಿ ಅಷ್ಟೇ.

ಬೆಳಿಗ್ಗೆ ಬಂದವಳೇ ಲೆಕ್ಕದ ಪುಸ್ತಕ ತೆಗೆಯುವುದಿಲ್ಲ. ಒಂದು ಸುತ್ತು ಹೋಗುತ್ತೇನೆ. "ನಿನ್ನೆ ಎಷ್ಟು ಚೀಲ ಆಯ್ತು?" ಅಂತ ಕೇಳುವ ಬದಲು "ಏನು ಅಡಚಣೆ ಆಯ್ತು?" ಅಂತ ಕೇಳುತ್ತೇನೆ. ಮೊದಮೊದಲು "ಏನಿಲ್ಲ ಅಕ್ಕಾ" ಅನ್ನುವ ಉತ್ತರವೇ ಬರುತ್ತಿತ್ತು. ಕೇಳಿದ್ದಕ್ಕೆ ಏನಾದರೂ ಆಗುತ್ತದೆ ಅಂತ ಕಂಡ ಮೇಲೆ ಬಾಯಿ ಬಿಟ್ಟರು. ಹಾಗೆ ಒಬ್ಬರು ಹೇಳಿದ್ದು: "ಅಕ್ಕಾ, ಮೋಡ ಕವಿದ್ರೆ ಈ ಮೂಲೇಲಿ ಕೋಕಾ ಕಾಣೂದೇ ಇಲ್ಲ."

ಆಷಾಢದ ಮಳೆಯಲ್ಲಿ ಶಿರಸಿಯ ಮಧ್ಯಾಹ್ನ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಾನೇ ಆ ಮೂಲೆಯಲ್ಲಿ ಕೂತು ಒಂದು ಮೊರ ಅಡಿಕೆ ಆರಿಸಿ ನೋಡಿದೆ. ಬಿಳೆಗೋಟು ಯಾವುದು, ಚಾಲಿ ಯಾವುದು ತಿಳಿಯಲಿಲ್ಲ. ಸಾವ್ಕಾರರನ್ನೂ ಕರೆದು ಕೂರಿಸಿದೆ. ಎರಡೇ ನಿಮಿಷಕ್ಕೆ ಎದ್ದರು. ಆ ವಾರವೇ ಟ್ಯೂಬ್‌ಲೈಟು ಕೆಳಗೆ ಇಳಿದು ಬಂತು, ತಲೆಯ ಮೇಲೆ ಅಲ್ಲ, ಅಡಿಕೆಯ ಮೇಲೆ ಬೆಳಕು ಬೀಳುವಂತೆ.

ಬೆಳಕು ಸರಿಯಾದ ಮೇಲೂ ಹಳಬರಲ್ಲಿ ಕೆಲವರು ಅಡಿಕೆಯನ್ನು ಕೈ ಚಾಚಿ ದೂರ ಹಿಡಿದು ನೋಡುತ್ತಿದ್ದರು. ಚಾಳೀಸು! ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ. ಆದರೆ "ಕಣ್ಣು ಕಾಣೂದಿಲ್ಲ" ಅಂದರೆ ಕೆಲಸ ಹೋದೀತು ಅಂತ ಸುಮ್ನೆ ಇದ್ದರು. ನಾನು ನನ್ನ ಕನ್ನಡಕವನ್ನೇ ಒಬ್ಬರ ಮೂಗಿನ ಮೇಲೆ ಇಟ್ಟೆ. "ಅಯ್ಯೋ, ಗೀರು ಎಲ್ಲ ಕಾಣ್ತದಲ್ಲ!" ಅಂತ ನಕ್ಕರು. ಕಣ್ಣು ತೋರಿಸಲು ಅರ್ಧ ದಿನ ರಜೆ ಕೊಟ್ಟೆ, ಕೂಲಿ ಕಡಿಯಲಿಲ್ಲ. ನಿಧಾನ ಅಂತ ಹೆಸರು ಬಿದ್ದವರಲ್ಲಿ ಎಷ್ಟು ಜನರಿಗೆ ಬರೀ ಕನ್ನಡಕ ಬೇಕಿರುತ್ತದೋ!

ರೈತರ ಸಿಟ್ಟು ಇನ್ನೊಂದು. ಅವರದ್ದೂ ತಪ್ಪಲ್ಲ. ಕೊಳೆ ರೋಗಕ್ಕೆ ಔಷಧಿ ಹೊಡೆಸಿ, ಅಡಿಕೆ ಗೊನೆ ಕೊಯ್ಸಿ, ತಿಂಗಳಿಗೂ ಜಾಸ್ತಿ ಬಿಸಿಲಿಗೆ ಒಣಗಿಸಿ, ಸುಲಿಸಿ ತಂದ ಅಡಿಕೆ ಕಣ್ಣೆದುರೇ ಕೋಕಾದ ರಾಶಿಗೆ ಬಿದ್ದರೆ ಹೊಟ್ಟೆ ಉರಿಯುತ್ತದೆ. ಆದರೆ ಕೂಗುವುದು ಆರಿಸುವವಳ ಮೇಲೆ. ಅಲ್ಲಿ ನಾನು ನಡುವೆ ಹೋಗಿ ನಿಲ್ಲುತ್ತೇನೆ. "ಹೆಗಡೆಯವ್ರೇ, ಇಲ್ಲಿ ಬನ್ನಿ, ನನ್ನ ಹತ್ರ ಹೇಳಿ" ಅಂತ ಕರೆದು, ಅವರು ತೋರಿಸಿದ ಅಡಿಕೆಯನ್ನೇ ಅಡಕತ್ತರಿಯಲ್ಲಿ ಎರಡು ಹೋಳು ಮಾಡುತ್ತೇನೆ. ಒಳಗೆ ಕಪ್ಪಿದ್ದರೆ ಮಾತು ಮುಗಿಯಿತು. ಬೆಳ್ಳಗಿದ್ದರೆ ಆ ರಾಶಿಯನ್ನು ಮತ್ತೊಮ್ಮೆ ನೋಡಿಸುತ್ತೇನೆ. ಆರಿಸಿದವಳಿಗೆ ಹೇಳುವುದಿದ್ದರೆ ಆಮೇಲೆ, ಚಾ ಕುಡಿಯುವ ಹೊತ್ತಿಗೆ, ಪಕ್ಕಕ್ಕೆ ಕರೆದು. ಎಲ್ಲರೆದುರು ಬೈಸಿಕೊಂಡವಳು ಮರುದಿನ ಹೆದರಿ ಎಲ್ಲವನ್ನೂ ಚಾಲಿಗೇ ಹಾಕುತ್ತಾಳೆ. ನಷ್ಟ ನಮಗೇ.

ಹೊಗಳುವುದು ಮಾತ್ರ ಗಟ್ಟಿಯಾಗಿ. ಸಾವ್ಕಾರರು "ಈ ಲಾಟು ಚಲೋ ಆಗಿದೆ" ಅಂದರೆ, ಆರಿಸಿದವಳನ್ನು ಕರೆದು "ಇವಳದ್ದು" ಅನ್ನುತ್ತೇನೆ.

ಬಸ್ಸಿನ ವಿಷಯಕ್ಕೆ ನಾನು ಜಗಳ ಆಡುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇವರಿಗೆ ಟಿಕೆಟಿನ ದುಡ್ಡು ಉಳಿಯಿತು, ರಶ್ಶೂ ಜಾಸ್ತಿಯಾಯಿತು. ತುಂಬಿದ ಬಸ್ಸು ಊರ ಕ್ರಾಸಿನಲ್ಲಿ ನಿಲ್ಲದೇ ಹೋದರೆ ಅವಳೇನು ಮಾಡಬೇಕು? ಅರ್ಧ ತಾಸು ತಡವಾದರೆ ಹಾಜರಿಯಲ್ಲಿ ಗೀಟು ಹಾಕುವುದಿಲ್ಲ. ಸಂಜೆ ಮಾತ್ರ ಊರಿನ ಕೊನೇ ಬಸ್ಸಿಗೆ ಸಿಗುವಂತೆ ಬಿಡುತ್ತೇನೆ, ರಾಶಿ ಉಳಿದಿದ್ದರೂ ಸರಿ.

ಕೂಲಿ ಏರಿಸುವುದು ನನ್ನ ಕೈಯಲ್ಲಿಲ್ಲ. ಅದನ್ನು ಮುಚ್ಚಿಡುವುದೂ ಇಲ್ಲ. ಕೇಳುತ್ತೇನೆ ಅಂದ ದಿನ ಕೇಳುತ್ತೇನೆ, ಆಗದಿದ್ದರೆ ಅವತ್ತೇ ಆಗಲಿಲ್ಲ ಅಂತ ಬಂದು ಹೇಳುತ್ತೇನೆ. "ನೋಡೋಣ, ನೋಡೋಣ" ಅಂತ ತಿಂಗಳು ತಳ್ಳುವವರ ಕೈಕೆಳಗೆ ನಾನೂ ದುಡಿದಿದ್ದೇನೆ.

ರಜೆಯನ್ನು ಅವರಿಗೇ ಬಿಟ್ಟಿದ್ದೇನೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಎಲ್ಲರಿಗೂ ಅದೇ ದಿನ ರಜೆ ಬೇಕು, ಎಲ್ಲರ ಮನೆಗೂ ನೆಂಟರು. ಗೋಡೆಯ ಕ್ಯಾಲೆಂಡರು ಇಳಿಸಿ ನಡುವೆ ಇಡುತ್ತೇನೆ. ಇಷ್ಟು ಜನ ಇರಲೇಬೇಕು ಅಂತ ಹೇಳಿ ಎದ್ದು ಹೋಗುತ್ತೇನೆ. ಗಲಾಟೆ ಆಗುತ್ತದೆ, ಚೌಕಾಸಿ ಆಗುತ್ತದೆ. ನಾನು ಹಾಕಿಕೊಡುವ ಪಟ್ಟಿಗಿಂತ ಅವರ ಪಟ್ಟಿ ಚಲೋ ಇರುತ್ತದೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಅದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.