ದೀಪಾವಳಿಗೆ ನಾಯಿ, ಬೆಕ್ಕನ್ನು ಅಣಿಮಾಡುವುದು ಹೇಗೆ?

ಆಶ್ವಯುಜದ ಕೊನೆಗೆ ಬೆಂಗಳೂರಿನಲ್ಲಿ ಆರು ಹೊಡೆಯುವ ಮೊದಲೇ ಸೂರ್ಯ ಮುಳುಗುತ್ತಾನೆ. ಮಳೆ ಹಿಂದೆ ಸರಿದಿರುತ್ತದೆ, ಸಣ್ಣ ಚಳಿ. ಹಣತೆ ಹಚ್ಚಿ ಜಗಲಿಯಲ್ಲಿ ಕೂರುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮನೆಯಲ್ಲೊಂದು ನಾಯಿಯಿದ್ದರೆ ಮಾತ್ರ, ಅದೇ ಹೊತ್ತಿಗೆ ಅದು ಏದುಸಿರು ಬಿಡುತ್ತಾ ಬಾಗಿಲು ಕೆರೆಯುತ್ತಿರುತ್ತದೆ. ಮನುಷ್ಯನ ಕಿವಿಗೆ 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45,000, ಬೆಕ್ಕಿಗೆ 60,000ಕ್ಕೂ ಮೀರಿ. ರಾಕೆಟ್ಟಿನ ಸಿಳ್ಳೆಯಲ್ಲಿ ನಮಗೆ ಕೇಳದ್ದೂ ಅವಕ್ಕೆ ಕೇಳುತ್ತದೆ.

ಹೆಚ್ಚಿನ ಮನೆಗಳಲ್ಲಿ ನಾಯಿಯ ನೆನಪಾಗುವುದು ಮೊದಲ ಸರಪಟಾಕಿ ಸಿಡಿದ ಮೇಲೆ. ಆಗ ಮಾಡಲಿಕ್ಕೆ ಉಳಿದಿರುವುದು ಬಹಳ ಕಡಿಮೆ. ಗಣೇಶನ ಹಬ್ಬಕ್ಕೂ ದೀಪಾವಳಿ ಅಮಾವಾಸ್ಯೆಗೂ ನಡುವೆ ಸಾಮಾನ್ಯವಾಗಿ ಎಂಟು ವಾರ. ವಿಸರ್ಜನೆಯ ಗಲಾಟೆ ಮುಗಿದ ಮರುದಿನವೇ ಶುರುಮಾಡಿ.

ಹಂತ 1: ಸದ್ದು ರೂಢಿ ಮಾಡಿಸುವುದು

ಎಲ್ಲರೂ ಕೆಡಿಸುವ ಹಂತ ಇದೇ. ಮೊಬೈಲಿನಲ್ಲಿ ಪಟಾಕಿ ಸದ್ದಿನ ವಿಡಿಯೊ ಹಾಕಿ, ನಾಯಿ ಬೆಚ್ಚಿದರೆ 'ಅಭ್ಯಾಸ ಆಗತ್ತೆ ಬಿಡಿ' ಅನ್ನುತ್ತಾರೆ. ಆಗುವುದಿಲ್ಲ. ಬೆಚ್ಚಿಸಿದಷ್ಟೂ ಭಯ ಗಟ್ಟಿಯಾಗುತ್ತದೆ.

ಮೊದಲನೆಯದಾಗಿ, ಮೊಬೈಲಿನ ಸ್ಪೀಕರ್ ಸಾಲದು. ಬಾಂಬಿನ ಎದೆ ನಡುಗಿಸುವ 'ಢಂ' ಅದರಿಂದ ಹೊರಡುವುದೇ ಇಲ್ಲ, ಬರೀ ಮೇಲಿನ ಚಟಚಟ ಬರುತ್ತದೆ. ಆ ಸದ್ದಿಗೆ ಹೊಂದಿಕೊಂಡ ನಾಯಿ ಹಬ್ಬದ ದಿನ ಮತ್ತೆ ಮೊದಲಿನಂತೆಯೇ ನಡುಗುತ್ತದೆ. ತಕ್ಕಮಟ್ಟಿಗೆ ಬೇಸ್ ಇರುವ ಬ್ಲೂಟೂತ್ ಸ್ಪೀಕರ್ ಬೇಕು. ಸರಪಟಾಕಿ, ರಾಕೆಟ್, ಬಾಂಬ್ ಮೂರಕ್ಕೂ ಬೇರೆ ಬೇರೆ ರೆಕಾರ್ಡಿಂಗ್ ಇಟ್ಟುಕೊಳ್ಳಿ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಿ.

ಶುರುವಿನ ಸದ್ದು ಎಷ್ಟಿರಬೇಕು? ನಾಯಿಯ ಕಿವಿ ಒಮ್ಮೆ ಅತ್ತ ತಿರುಗಬೇಕು, ಆದರೆ ಅದು ಮಲಗಿದ್ದಲ್ಲಿಂದ ಏಳಬಾರದು. ನಿಮಗೆ ಕೇಳಿಯೂ ಕೇಳದಂತಿದ್ದರೆ ಸರಿಯಾಗಿದೆ ಎಂದರ್ಥ.

ತಿಂಡಿಯಾಗಿ ದಿನವೂ ಹಾಕುವ ಒಣ ಕಾಳಿನಂಥ ನಾಯಿ ಆಹಾರ ಬೇಡ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ ಅಥವಾ ಪನೀರನ್ನು ಕಡಲೆಕಾಳಿನಷ್ಟು ಸಣ್ಣಗೆ ಕತ್ತರಿಸಿಕೊಳ್ಳಿ. ಈ ತಿಂಡಿ ಬೇರೆ ಹೊತ್ತಿನಲ್ಲಿ ಸಿಗಲೇಬಾರದು.

ಇನ್ನು ಕ್ರಮ. ಮೊದಲು ಸದ್ದು, ಒಂದೆರಡು ಸೆಕೆಂಡು ಬಿಟ್ಟು ತಿಂಡಿ. ಸದ್ದು ನಿಂತಿತೋ, ತಿಂಡಿಯೂ ನಿಂತಿತು. ಇದನ್ನು ತಿರುಗಾಮುರುಗಾ ಮಾಡಿ ತಿಂಡಿ ತೋರಿಸಿದ ಮೇಲೆ ಸದ್ದು ಹಾಕಿದರೆ, ತಿಂಡಿ ಡಬ್ಬಿ ತೆರೆದರೆ ಏನೋ ಕೆಟ್ಟದ್ದು ಕಾದಿದೆ ಎಂದು ನಾಯಿ ಕಲಿಯುತ್ತದೆ. ನಾಲ್ಕು ದಿನದಲ್ಲಿ ಡಬ್ಬಿ ಕಂಡರೇ ಓಡತೊಡಗುತ್ತದೆ. ಒಂದು ಪಾಠ ಐದೇ ನಿಮಿಷ, ಎಂಟು ಹತ್ತು ಸಲ ಸದ್ದು, ದಿನಕ್ಕೆ ಎರಡು ಪಾಠ ಸಾಕು.

ಎರಡು ಮೂರು ದಿನ ನಾಯಿ ಆರಾಮಾಗಿದ್ದರೆ ಮಾತ್ರ ಒಂದು ಗೆರೆ ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ: ಸದ್ದು ಏರಿಸಿದ ದಿನ ಜಾಗ ಬದಲಿಸಬೇಡಿ, ಸ್ಪೀಕರನ್ನು ಕಿಟಕಿಯ ಬಳಿಗೆ ಒಯ್ದ ದಿನ ಸದ್ದು ಏರಿಸಬೇಡಿ. ನಾಲ್ಕನೇ ವಾರದ ಹೊತ್ತಿಗೆ ಸದ್ದಿನ ನಡುವಿನ ಬಿಡುವನ್ನು ಹೆಚ್ಚುಕಮ್ಮಿ ಮಾಡಿ. ನಿಜವಾದ ಪಟಾಕಿ ತಾಳ ಹಾಕಿಕೊಂಡು ಸಿಡಿಯುವುದಿಲ್ಲವಲ್ಲ.

ಹಸಿವಿಲ್ಲದೆಯೂ ತುಟಿ ನೆಕ್ಕುವುದು, ನಿದ್ದೆಯಿಲ್ಲದೆಯೂ ಆಕಳಿಸುವುದು, ಕಿವಿ ತಲೆಗಂಟುವುದು, ಕಣ್ಣಿನ ಬಿಳಿಗುಡ್ಡೆ ಕಾಣುವುದು ಇವೆಲ್ಲ ಹೆಚ್ಚಾಯಿತೆಂಬ ಸೂಚನೆ. ತಿಂಡಿ ಮೂಸಿ ಬಿಟ್ಟಿತೆಂದರೆ ಮಿತಿ ಆಗಲೇ ದಾಟಿದ್ದೀರಿ. ಅಲ್ಲಿಗೆ ಪಾಠ ಬಂದ್ ಮಾಡಿ, ಮರುದಿನ ಎರಡು ಗೆರೆ ಇಳಿಸಿ ಶುರುಮಾಡಿ.

ಹಬ್ಬಕ್ಕೆ ಎರಡು ವಾರವೂ ಉಳಿದಿಲ್ಲವೆ? ಈ ಹಂತವನ್ನು ಮುಟ್ಟಲೇಬೇಡಿ. ಅರ್ಧ ಪಾಠದ ನಾಯಿಗೆ ನಿಜವಾದ ಬಾಂಬಿನ ಸದ್ದು ಬಡಿದರೆ ಮೊದಲಿಗಿಂತ ಕಡೆಯಾಗುತ್ತದೆ. ನೇರ ಮುಂದಿನ ಎರಡು ಹಂತಕ್ಕೆ ಹೋಗಿ.

ಹಂತ 2: ವೈದ್ಯರ ಭೇಟಿ

ಹಿಂದಿನ ವರ್ಷ ಬಾಗಿಲು ಕಚ್ಚಿದ, ಕಾಂಪೌಂಡ್ ಹಾರಿದ, ಊಟ ಬಿಟ್ಟ ನಾಯಿಗೆ ಪಾಠವೊಂದೇ ಸಾಲದು, ಮದ್ದು ಬೇಕು. ಗ್ಯಾಬಪೆಂಟಿನ್, ಟ್ರಾಜೊಡೋನ್‌ನಂಥವನ್ನು ಪಶುವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಹಬ್ಬಕ್ಕೆ ಎರಡು ವಾರ ಮೊದಲೇ ಹೋಗಿ, ಯಾವುದಾದರೂ ಮಾಮೂಲಿ ದಿನ ಒಂದು ಡೋಸ್ ಕೊಟ್ಟು ನೋಡಿ. ಕೆಲವು ನಾಯಿಗಳು ತೂರಾಡುತ್ತವೆ, ಕೆಲವು ತಿರುಗಿ ಚುರುಕಾಗಿಬಿಡುತ್ತವೆ. ಅದು ಅಮಾವಾಸ್ಯೆಯ ರಾತ್ರಿ ಗೊತ್ತಾಗಬಾರದು. ಮಾತ್ರೆ ಹೊಟ್ಟೆ ಸೇರಬೇಕಾದ್ದು ಸದ್ದಿಗೆ ಒಂದೂವರೆ ಎರಡು ಗಂಟೆ ಮೊದಲು. ನಡುಕ ಹತ್ತಿದ ಮೇಲೆ ಕೊಟ್ಟರೆ ಅರ್ಧ ಕೆಲಸವೂ ಆಗುವುದಿಲ್ಲ.

ಅಸೆಪ್ರೊಮಜೀನ್ ಒಂದನ್ನೇ ಬರೆದುಕೊಟ್ಟರೆ ಬೇರೆಯದು ಇದೆಯೇ ಎಂದು ಕೇಳಿ. ಅದು ಮೈಯನ್ನು ಮಲಗಿಸುತ್ತದೆ, ಭಯವನ್ನು ತೆಗೆಯುವುದಿಲ್ಲ. ನಾಯಿ ಸುಮ್ಮನಿದೆ ಎಂದು ನಾವು ನಿಟ್ಟುಸಿರು ಬಿಡುತ್ತೇವೆ, ಅದು ಅಲುಗಾಡಲಾರದೆ ಹೆದರುತ್ತಿರುತ್ತದೆ. ಪಗ್, ಶಿಟ್ಜೂನಂಥ ಚಪ್ಪಟೆ ಮೂತಿಯವು, ಮುದಿ ನಾಯಿಗಳು, ಹೃದಯದ ತೊಂದರೆಯಿರುವವು ಇವುಗಳ ವಿಷಯ ಮೊದಲೇ ಹೇಳಿ.

ಮನುಷ್ಯರ ನಿದ್ದೆಮಾತ್ರೆ, ಅಲರ್ಜಿ ಮಾತ್ರೆ, ಒಂದು ಮುಚ್ಚಳ ಬ್ರಾಂದಿ ಇವೆಲ್ಲ ಬೇಡವೇ ಬೇಡ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಮನುಷ್ಯರಿಗೆಂದು ಮಾಡಿದ ಕೆಲವು ಸಿರಪ್ಪುಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿವಸ್ತು ನಾಯಿಗೆ ವಿಷ. 'ಶಾಂತಿಯ ಬಿಸ್ಕತ್ತು' ಎಂದು ಅಂಗಡಿಯಲ್ಲಿ ಸಿಗುವುದಕ್ಕೆ ಕಾಸು ಹಾಕಬೇಡಿ. ನಿಜವಾಗಿ ಹೆದರುವ ನಾಯಿ ಅದನ್ನು ಬಾಯಿಗೂ ಇಡುವುದಿಲ್ಲ.

ಹಂತ 3: ಅಡಗುವ ಕೋಣೆ

ಮನೆಯ ನಡುವಿನ, ಬೀದಿಗೆ ಕಿಟಕಿಯಿಲ್ಲದ ಕೋಣೆ ಆರಿಸಿ. ಬಹಳಷ್ಟು ನಾಯಿಗಳು ತಾವಾಗಿಯೇ ಬಚ್ಚಲುಮನೆ ಹುಡುಕಿಕೊಳ್ಳುತ್ತವೆ. ಅವು ಆರಿಸಿದ್ದೇ ಸರಿ, ಎಳೆದು ತರಬೇಡಿ. ಮೇಜಿನ ಮೇಲೆ ದಪ್ಪ ಕಂಬಳಿ ಇಳಿಬಿಟ್ಟು ಗುಹೆಯಂತೆ ಮಾಡಿ, ಒಳಗೆ ನೀವು ಉಟ್ಟು ಬಿಟ್ಟ ಹಳೆಯ ಬಟ್ಟೆ ಹಾಸಿ. ಹಬ್ಬಕ್ಕೆ ಹತ್ತು ದಿನ ಮೊದಲಿಂದ ಒಂದು ಹೊತ್ತಿನ ಊಟ ಅಲ್ಲೇ ಆಗಲಿ. ಬಾಗಿಲು ಮಾತ್ರ ತೆರೆದಿರಬೇಕು. ಕೂಡಿಹಾಕಿದರೆ ಉಗುರು ಕಿತ್ತುಕೊಳ್ಳುತ್ತವೆ, ಚೈನು ಹಾಕಿ ಕಟ್ಟಿದರೆ ಕುತ್ತಿಗೆಗೇ ಅಪಾಯ.

ಫ್ಯಾನು ಜೋರಾಗಿರಲಿ: ಸದ್ದೂ ಮುಚ್ಚುತ್ತದೆ, ಏದುಸಿರಿನ ನಾಯಿಗೆ ಗಾಳಿಯೂ ಸಿಗುತ್ತದೆ. ಬಾಂಬಿನ ಸದ್ದನ್ನು ಮರೆಸಲು ತಂಬೂರಿ, ಕೊಳಲು ನಡೆಯುವುದಿಲ್ಲ, ತಗ್ಗಿನ ಸದ್ದು ಬೇಕು. ಚೆಂಡೆ, ಡೊಳ್ಳಿನ ರೆಕಾರ್ಡಿಂಗ್ ಒಳ್ಳೆಯದೇ, ಆದರೆ ಅದೂ ಮೊದಲಿಂದ ಕೇಳಿ ಪಳಗಿರಬೇಕು.

ಕಿವಿಗೆ ಹತ್ತಿ ತುರುಕಬೇಡಿ. ನಾಯಿಯ ಕಿವಿಯ ಕೊಳವೆ ಒಳಗೆ ಅಡ್ಡಕ್ಕೆ ತಿರುಗುತ್ತದೆ. ಒಳ ಸೇರಿದ ಹತ್ತಿಯನ್ನು ತೆಗೆಯಲು ವೈದ್ಯರೇ ಬೇಕಾಗುತ್ತಾರೆ. ಹಳೆಯ ದುಪಟ್ಟಾವನ್ನು ಎದೆಯ ಮುಂದಿಂದ ತಂದು, ಬೆನ್ನ ಮೇಲೆ ಅಡ್ಡಹಾಯಿಸಿ, ಹೊಟ್ಟೆಯ ಕೆಳಗಿಂದ ತೆಗೆದು ಬೆನ್ನಿಗೆ ಗಂಟು ಹಾಕುವ ಉಪಾಯ ಕೆಲವಕ್ಕೆ ಒಗ್ಗುತ್ತದೆ. ಎರಡು ಬೆರಳು ಸಲೀಸಾಗಿ ತೂರಬೇಕು. ಕಟ್ಟಿದೊಡನೆ ನಾಯಿ ಕಲ್ಲಿನಂತೆ ನಿಂತುಬಿಟ್ಟರೆ ಬಿಚ್ಚಿ, ಅದು ಶಾಂತಿಯಲ್ಲ.

ಹಂತ 4: ಹಬ್ಬದ ದಿನ

ನೀರು ತುಂಬುವ ಹಬ್ಬದ ಸಂಜೆಯಿಂದಲೇ ಎಣಿಸಿ. ಸುಪ್ರೀಂ ಕೋರ್ಟು ಪಟಾಕಿಗೆ ದಿನಕ್ಕೆ ಎರಡೇ ಗಂಟೆ, ಸಾಮಾನ್ಯವಾಗಿ ರಾತ್ರಿ 8ರಿಂದ 10, ಎಂದು 2018ರಲ್ಲೇ ಕಟ್ಟುಮಾಡಿದೆ. ಬೀದಿಯ ಹುಡುಗರ ಗಡಿಯಾರ ಬೇರೆಯೇ. ಮೋಸಹೋಗುವುದು ನರಕ ಚತುರ್ದಶಿಯ ಬೆಳಗ್ಗೆ: ಎಣ್ಣೆಸ್ನಾನ ಮಾಡಿದ ಮಕ್ಕಳು ಐದಕ್ಕೇ ಪಟಾಕಿ ಹಚ್ಚುತ್ತಾರೆ, ನಾಯಿ ಆಗ ಬೀದಿಯಲ್ಲಿರುತ್ತದೆ. ಆ ದಿನ ಎಂಟರ ಮೇಲೆ ವಾಕಿಂಗ್ ಹೋಗಿ. ಸಂಜೆಯದು ನಾಲ್ಕೂವರೆಗೆ, ಮಾಮೂಲಿಗಿಂತ ಅರ್ಧ ಗಂಟೆ ಹೆಚ್ಚು. ಹಾರ್ನೆಸ್ಸಿಗೊಂದು, ಕುತ್ತಿಗೆ ಬೆಲ್ಟಿಗೊಂದು, ಹೀಗೆ ಎರಡು ಹಗ್ಗ ಇರಲಿ. ಬೆಲ್ಟಿನ ಬಿಲ್ಲೆಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಐದರೊಳಗೆ ಊಟ, ಮಾತ್ರೆ. ಅಲ್ಲಿಂದ ಮುಂದೆ ಗೇಟು ಭದ್ರ.

ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಹೆಚ್ಚುತ್ತದೆ ಎಂಬ ಮಾತು ಸುಳ್ಳು. ಅದು ಪಕ್ಕಕ್ಕೆ ಬಂದರೆ ಕೈಯಿಡಿ, ಸವರಿ. ಬರದಿದ್ದರೆ ಬಿಡಿ. ಬೈಯಬೇಡಿ, 'ಧೈರ್ಯ ಬರಲಿ' ಎಂದು ಅಂಗಳಕ್ಕೆ ಎಳೆಯಬೇಡಿ. ಮನೆಯವರು ಸರದಿಯಲ್ಲಿ ಕೋಣೆಯಲ್ಲಿ ಕೂತರೆ ಉಳಿದವರಿಗೆ ದೀಪದ ಸಂಜೆ ತಪ್ಪುವುದಿಲ್ಲ. ನೀವೇ ಹಚ್ಚಲೇಬೇಕೆಂದರೆ ಹೂಕುಂಡ, ಸುರುಸುರು ಬತ್ತಿ ಸಾಕು. ಹಸಿರು ಪಟಾಕಿ ಎಂದರೆ ಹೊಗೆ ಕಡಿಮೆ, ಸದ್ದಿಲ್ಲವೆಂದಲ್ಲ.

ಹಣತೆಯನ್ನು ನಾಯಿಯ ಬಾಲಕ್ಕಿಂತ ಮೇಲೆ, ಬೆಕ್ಕು ಓಡಾಡದ ಕಡೆ ಇಡಿ: ತುಳಸಿಕಟ್ಟೆ ಒಳ್ಳೆಯದು, ಹೊಸ್ತಿಲು ಕೆಟ್ಟ ಜಾಗ. ಎಣ್ಣೆ ನೆಕ್ಕಿದ ನಾಯಿಗೆ ರಾತ್ರಿಯಿಡೀ ಭೇದಿ. ಒಣದ್ರಾಕ್ಷಿ ಹಾಕಿದ ಪಾಯಸ, ಲಾಡು ಒಂದು ಚೂರೂ ಬೇಡ, ಮೂತ್ರಪಿಂಡ ಕೆಡಬಹುದು.

ಬೆಕ್ಕು, ಹಕ್ಕಿ, ಬೀದಿನಾಯಿ

ಬೆಕ್ಕಿಗೆ ಬೀರುವಿನ ಮೇಲೊಂದು ರಟ್ಟಿನ ಪೆಟ್ಟಿಗೆ, ಅದೇ ಕೋಣೆಯಲ್ಲಿ ನೀರು, ಮರಳಿನ ತಟ್ಟೆ. ನಾಲ್ಕು ಗಂಟೆಗೇ ಒಳಗೆ ಸೇರಿಸಿ ಕಿಟಕಿ ಹಾಕಿ, ಹುಡುಕಿ ಎತ್ತಲು ಹೋಗಬೇಡಿ. ಹಕ್ಕಿಯ ಪಂಜರವನ್ನು ಒಳಗೋಣೆಗೆ ತಂದು ಮೂರು ಬದಿ ಬಟ್ಟೆ ಮುಚ್ಚಿ. ಅಲ್ಲಿ ಸಾಂಬ್ರಾಣಿ, ಊದುಬತ್ತಿ ಬೇಡ, ಹಕ್ಕಿಯ ಶ್ವಾಸಕೋಶ ಹೊಗೆ ತಡೆಯದು. ಬೀದಿನಾಯಿಗಳಿಗೆ ಪಾರ್ಕಿಂಗಿನ ಮೂಲೆ ಬಿಟ್ಟುಕೊಟ್ಟು ಒಂದು ಬಕೆಟ್ ನೀರಿಡಿ.

ಮರುದಿನ ವಾಕಿಂಗ್‌ಗೆ ಮೊದಲು ಗೇಟಿನ ಮುಂದೆ ಗುಡಿಸಿ. ಸಿಡಿಯದೆ ಉಳಿದ ಪಟಾಕಿಯಲ್ಲಿ ಗಂಧಕ, ಲೋಹದ ಲವಣಗಳಿರುತ್ತವೆ, ಮರಿಗಳು ಅಗಿದುಬಿಡುತ್ತವೆ. ನುಂಗಿದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಪಟಾಕಿಯ ಹೊದಿಕೆ ಸಮೇತ ವೈದ್ಯರ ಬಳಿ ಹೊರಡಿ. ಉಳಿದ ಮಾತ್ರೆಗಳನ್ನು ಎತ್ತಿಡಿ. ಬಲಿಪಾಡ್ಯಮಿ ಕಳೆದು ಹನ್ನೊಂದು ದಿನಕ್ಕೆ ಉತ್ಥಾನ ದ್ವಾದಶಿ. ತುಳಸಿ ಪೂಜೆಯ ಸಂಜೆಯೂ ಐದರೊಳಗೆ ಅದೇ ಡೋಸ್ ಕೊಡಬೇಕಾಗುತ್ತದೆ.