ಕಿರುಬೆರಳು ಜೋಮು ಹಿಡಿದದ್ದಕ್ಕೆ ಹ್ಯಾಂಡಲ್ ಬದಲಾಯಿಸಿದೆ

ಬೈಕಿನಲ್ಲಿ ತುಮಕೂರಿನಿಂದ ಹೊರಟು ಶಿರಾ ದಾಟುವವರೆಗೆ ಏನೂ ಗೊತ್ತಾಗುತ್ತಿರಲಿಲ್ಲ. ಹಿರಿಯೂರು ಹತ್ತಿರ ಬರುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದಿರುತ್ತಿದ್ದವು. ಟೀ ಕುಡಿಯಲು ನಿಲ್ಲಿಸಿ ಜೇಬಿಗೆ ಕೈ ಹಾಕಿದರೆ ಎರಡು ರೂಪಾಯಿ ಯಾವುದು, ಐದು ರೂಪಾಯಿ ಯಾವುದು ಬೆರಳಿಗೆ ತಿಳಿಯುತ್ತಿರಲಿಲ್ಲ. ಚಿತ್ರದುರ್ಗ ಮುಟ್ಟಿದಾಗ ಭುಜವೂ ಹಿಡಿದುಕೊಂಡಿರುತ್ತಿತ್ತು. ಬರೀ 130 ಕಿಲೋಮೀಟರ್ ಅಷ್ಟೇ, ಅಲ್ವಾ?

ಡಾಕ್ಟರ್ ನೋಡಿ, ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಕಿರುಬೆರಳಿನ ಕಡೆಗೆ ಅಲ್ನರ್ ಅನ್ನುವ ನರ ಹಾದುಹೋಗುತ್ತದೆ, ಅದರ ಮೇಲೆ ಭಾರ ಬೀಳುತ್ತಿದೆ ಅಂದರು. ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಿದ್ದರೆ ಅದು ಬೇರೆ ನರದ ಕತೆಯಂತೆ. ಸ್ವಲ್ಪ ದಿನ ಬೈಕು ಬಿಡಿ ಅಂತಲೂ ಹೇಳಿದರು. ಆ ಮಾತು ನನ್ನ ಕಿವಿಗೆ ಅರ್ಧ ಮಾತ್ರ ಬಿತ್ತು.

ನನ್ನದು 350 ಸಿಸಿ ಗಾಡಿ, ಒಂದೇ ಸಿಲಿಂಡರ್, ನಾಲ್ಕು ವರ್ಷ ಹಳೆಯದು. ಗಾಡಿಯದೇನೂ ತಪ್ಪಿಲ್ಲ. ನಾನು ಇರುವುದೇ ಐದಡಿ ಐದಿಂಚು, ತೋಳೂ ಗಿಡ್ಡ. ಹ್ಯಾಂಡಲ್ ಹಿಡಿಯಬೇಕಾದರೆ ಮುಂದಕ್ಕೆ ಬಾಗಬೇಕಿತ್ತು. ಬಾಗಿದಾಗ ಮೈಭಾರವೆಲ್ಲ ಅಂಗೈ ಮೇಲೆ.

ಮೊದಲು ದುಡ್ಡು ಖರ್ಚಿಲ್ಲದ ದಾರಿ ಹಿಡಿದೆ. ಹ್ಯಾಂಡಲ್ಲನ್ನು ಹಿಡಿದಿರುವ ಕ್ಲಾಂಪಿನ ನಾಲ್ಕು ಬೋಲ್ಟ್ ಸಡಿಲ ಮಾಡಿ ಹ್ಯಾಂಡಲ್ಲನ್ನೇ ನನ್ನ ಕಡೆಗೆ ತಿರುಗಿಸಿಕೊಂಡೆ. ಗ್ರಿಪ್ ಹತ್ತಿರ ಬಂತು, ಆದರೆ ಅದರ ತುದಿ ನೆಲ ನೋಡತೊಡಗಿತು. ಮಣಿಕಟ್ಟು ಹೊರಕ್ಕೆ ತಿರುಚಿಕೊಂಡು ಗುಬ್ಬಿಗೆ ಹೋಗಿಬರುವಷ್ಟರಲ್ಲೇ ಸಾಕಾಯಿತು.

ಎರಡನೆಯದು ರೈಸರ್, ಅಂದರೆ ಹ್ಯಾಂಡಲ್ ಎತ್ತರಿಸಲು ಅದರ ಕೆಳಗೆ ಕೂರಿಸುವ ತುಂಡು. ಎಲ್ಲರೂ ಇದನ್ನೇ ಹೇಳುತ್ತಾರೆ, 'ಹ್ಯಾಂಡಲ್ ಎತ್ತರ ಮಾಡ್ಸಿ ಸಾರ್, ಸರಿಹೋಗುತ್ತೆ' ಅಂತ. 30 ಮಿಲಿಮೀಟರ್ ರೈಸರ್ ಹಾಕಿಸಿದೆ. ಬೆನ್ನು ಸ್ವಲ್ಪ ನೆಟ್ಟಗಾಯಿತು, ಬೆರಳು ಹಾಗೇ ಜೋಮು. ಆಮೇಲೆ ಕೂತು ಲೆಕ್ಕ ಹಾಕಿದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕು ಸುಮಾರು 26 ಡಿಗ್ರಿ ವಾಲಿದೆ. ಅದರ ನೇರಕ್ಕೆ 30 ಮಿ.ಮೀ. ಮೇಲೆ ಹೋದರೆ ಹಿಂದಕ್ಕೆ ಬರುವುದು ಬರೀ 13 ಮಿ.ಮೀ., ಬೆರಳಗಲಕ್ಕೂ ಕಮ್ಮಿ. ನನ್ನ ತೋಳಿಗೆ ಹ್ಯಾಂಡಲ್ ಎತ್ತರವಾಗುವುದಕ್ಕಿಂತ ಹತ್ತಿರ ಬರಬೇಕಿತ್ತು. ಎಷ್ಟು ಹತ್ತಿರ ಅನ್ನುವುದನ್ನು ಅಳೆಯದೆ ಅಂಗಡಿಗೆ ಹೋಗಿದ್ದೇ ತಪ್ಪು.

ಅಳೆದದ್ದು ಹೀಗೆ. ರೈಸರ್ ಬಿಚ್ಚಿ, ಸಮತಟ್ಟು ನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ, ದೂರದ ಪ್ರಯಾಣಕ್ಕೆ ಕೂರುವ ಹಾಗೆ ಕೂತೆ. ಕಣ್ಣು ಮುಚ್ಚಿ, ಭುಜ ಸಡಿಲ ಬಿಟ್ಟು, ಮೊಣಕೈ ಸ್ವಲ್ಪ ಮಡಚಿ, ಸುಮ್ನೆ ಕೈ ಮುಂದೆ ಚಾಚಿದೆ. ಎರಡು ಕೈಯಲ್ಲೂ ವೈರಿಂಗ್ ಪೈಪಿನ ತುಂಡು ಹಿಡಿದುಕೊಂಡಿದ್ದೆ. ನನ್ನ ಹೆಂಡತಿ ಟೇಪು ಹಿಡಿದು, 'ಇದೇನ್ರೀ, ಗಾಡಿ ಮೇಲೆ ಧ್ಯಾನಕ್ಕೆ ಕೂತ್ರಾ?' ಅಂತ ನಗುತ್ತಲೇ ಅಳತೆ ತೆಗೆದಳು. ಹಳೇ ಗ್ರಿಪ್ಪಿಗಿಂತ ಸುಮಾರು 50 ಮಿ.ಮೀ. ಹಿಂದೆ, 20 ಮಿ.ಮೀ. ಮೇಲೆ. ಮೂರು ಸಲ ಇಳಿದು ಹತ್ತಿ ಅಳೆದರೂ ಹೆಚ್ಚುಕಮ್ಮಿ ಅದೇ ಬಂತು. ಪೈಪು ಹಿಡಿದ ಕೋನವನ್ನೂ ಗೋಡೆಗೆ ರಟ್ಟು ಇಟ್ಟು ಗೆರೆ ಎಳೆದುಕೊಂಡೆ. ಆ ರಟ್ಟು ತೆಗೆದುಕೊಂಡೇ ಅಂಗಡಿಗೆ ಹೋದದ್ದು.

ಹ್ಯಾಂಡಲ್ ಕೊಳ್ಳುವಾಗ ನೋಡಬೇಕಾದದ್ದು ಅಗಲ, ಏರು, ಹಿಂದಕ್ಕೆ ಬಾಗಿರುವ ಅಳತೆ. ಇದಕ್ಕೂ ಮೊದಲು ಪೈಪಿನ ದಪ್ಪ. ನನ್ನದು 22 ಮಿ.ಮೀ. ಕೆಲವು ಹ್ಯಾಂಡಲ್ ಗ್ರಿಪ್ ಹತ್ತಿರ 22 ಇದ್ದರೂ ನಡುವೆ 28 ಚಿಲ್ಲರೆ ಇರುತ್ತವೆ. ಅವು ಹಳೇ ಕ್ಲಾಂಪಿಗೆ ಕೂರುವುದಿಲ್ಲ. ಅಲ್ಯೂಮಿನಿಯಂ ಹಗುರ, ನೋಡಲೂ ಚೆಂದ. ನಾನು ಸ್ಟೀಲೇ ತೆಗೆದುಕೊಂಡೆ. ಬಿದ್ದರೆ ಬಾಗುತ್ತದೆ, ಸಾಮಾನ್ಯವಾಗಿ ಒಮ್ಮೆಗೇ ಮುರಿಯುವುದಿಲ್ಲ. ಹೇಗೋ ಊರಾದರೂ ಸೇರಬಹುದು. 1,800 ರೂಪಾಯಿ ಆಯಿತು. ಒಬ್ಬ ವೆಲ್ಡಿಂಗ್ ಹುಡುಗ ಹಳೇ ಹ್ಯಾಂಡಲ್ಲನ್ನೇ ಕತ್ತರಿಸಿ ಜೋಡಿಸಿಕೊಡುತ್ತೇನೆ, 300 ಕೊಡಿ ಅಂದಿದ್ದ. ಆ ಕೆಲಸ ಯಾರೂ ಮಾಡಿಸಬೇಡಿ. ಬೆಸುಗೆ ಬಿಟ್ಟರೆ ಕೈಯಲ್ಲಿ ಬರೀ ಪೈಪು ಉಳಿಯುತ್ತದೆ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸಬಾರದು. ಅದಕ್ಕೇ ಮೊದಲಿಗಿಂತ ಅಗಲದ್ದನ್ನು ತರಲಿಲ್ಲ. ಹಳೇ ಹ್ಯಾಂಡಲ್ ಅಟ್ಟದ ಮೇಲೆ ಭದ್ರವಾಗಿದೆ.

ಭಾನುವಾರ ಬೆಳಿಗ್ಗೆ ಬಿಚ್ಚಲು ಶುರು ಮಾಡಿದೆ. ಮಧ್ಯಾಹ್ನದ ಊಟಕ್ಕೆ ಮುಗಿಯುತ್ತೆ ಅಂದುಕೊಂಡಿದ್ದೆ. ಪೈಪು ಬದಲಾಯಿಸಲು ಅರ್ಧ ಗಂಟೆ ಸಾಕು. ಅದಕ್ಕೆ ನೇತುಬಿದ್ದಿರುವ ಸಾಮಾನುಗಳೇ ದಿನ ತಿನ್ನುವುದು.

ಟ್ಯಾಂಕಿನ ಮೇಲೆ ಹಳೇ ಪಂಚೆ ಮಡಚಿ ಹಾಸಿದೆ. ಬ್ರೇಕ್ ಆಯಿಲ್ ಒಂದು ತೊಟ್ಟು ಬಿದ್ದರೂ ಪೇಂಟು ಕಿತ್ತುಬರುತ್ತದೆ. ಆ ಆಯಿಲ್ ತುಂಬಿರುವ ಮಾಸ್ಟರ್ ಸಿಲಿಂಡರನ್ನು ಹೋಸ್ ಸಮೇತ ಬಿಚ್ಚಿ, ತಲೆಕೆಳಗಾಗದಂತೆ ದಾರ ಕಟ್ಟಿ ನೇತುಹಾಕಿದೆ. ಹಳೇ ಗ್ರಿಪ್ ತೆಗೆಯಲು ಸೈಕಲ್ ಕಡ್ಡಿ ತೂರಿಸಿ ಸಿರಿಂಜಿನಲ್ಲಿ ಸೋಪು ನೀರು ಬಿಟ್ಟೆ. ಹೊಸದನ್ನು ಹಾಕಲು ಕೊರೊನಾ ಕಾಲದ ಸ್ಯಾನಿಟೈಸರ್ ಕೆಲಸಕ್ಕೆ ಬಂತು. ಹಾಕುವಾಗ ಜಾರುತ್ತದೆ, ಆಮೇಲೆ ಆರಿ ಗಟ್ಟಿಯಾಗಿ ಹಿಡಿಯುತ್ತದೆ. ಎಕ್ಸಲೇಟರ್ ಕಡೆಯ ಗ್ರಿಪ್ಪನ್ನು ತೀರಾ ಒಳಕ್ಕೆ ಒತ್ತಬಾರದು. ಅದು ಸ್ವಿಚ್ ಬಾಕ್ಸಿಗೆ ಉಜ್ಜಿದರೆ ಎಕ್ಸಲೇಟರ್ ಬಿಟ್ಟಾಗ ವಾಪಸ್ಸು ಬರುವುದಿಲ್ಲ.

ಸ್ವಿಚ್ ಬಾಕ್ಸಿನಲ್ಲಿ ನಾನು ಎಡವಿದೆ. ಅದರೊಳಗೆ ಒಂದು ಸಣ್ಣ ಗೂಟ ಇರುತ್ತದೆ, ಹ್ಯಾಂಡಲ್ಲಿನ ತೂತಿನಲ್ಲಿ ಕೂರುತ್ತದೆ. ಬಾಕ್ಸು ತಿರುಗದ ಹಾಗೆ ಹಿಡಿಯುವುದು ಅದೇ. ಹೊಸ ಹ್ಯಾಂಡಲ್ಲಿನಲ್ಲಿ ತೂತು ಇರಲಿಲ್ಲ. ಹಳೆಯದನ್ನು ಅಳೆದು ಅದೇ ಜಾಗಕ್ಕೆ ಕೊರೆದೆ. ಹಾಕಿ ನೋಡಿದರೆ ಹಾರ್ನ್ ಗುಂಡಿ ಆಕಾಶ ನೋಡುತ್ತಿದೆ! ಹೊಸ ಪೈಪಿನ ಬಾಗು ಬೇರೆ, ಹಳೇ ಅಳತೆ ಹೇಗೆ ಹೊಂದುತ್ತದೆ? ಗೂಟವನ್ನೇ ಉಜ್ಜಿ ತೆಗೆದುಬಿಡುವವರೂ ಇದ್ದಾರೆ. ಬಾಕ್ಸು ಎಲ್ಲಾದರೂ ತಿರುಗಿಕೊಂಡರೆ ಅಂತ ನನಗೆ ಧೈರ್ಯ ಬರಲಿಲ್ಲ. ಎರಡನೇ ಸಲ ಮೊದಲು ಬ್ರೇಕ್, ಕ್ಲಚ್ ಲಿವರ್‌ಗಳನ್ನು ಸರಿ ಮಾಡಿಕೊಂಡೆ. ಸೀಟಿನ ಮೇಲೆ ಕೂತು ಬೆರಳು ಚಾಚಿದರೆ ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು, ಮಣಿಕಟ್ಟು ಮೇಲಕ್ಕೆ ಬಾಗಬಾರದು. ಆಮೇಲೆ ಅಮ್ಮನ ಎಲೆ ಅಡಿಕೆ ಡಬ್ಬಿಯಿಂದ ಒಂದು ಚೂರು ಸುಣ್ಣ ತಂದು ಗೂಟದ ತುದಿಗೆ ಹಚ್ಚಿ, ಬಾಕ್ಸು ಮೆಲ್ಲಗೆ ಒತ್ತಿ ತೆಗೆದೆ. ಸುಣ್ಣದ ಚುಕ್ಕೆ ಬಿದ್ದ ಕಡೆ ಪಂಚ್ ಹೊಡೆದು ಕೊರೆದೆ. ಸರಿಯಾಗಿ ಕೂತಿತು. ಹಳೇ ತೂತಿಗೆ ಎಂ-ಸೀಲ್ ತುಂಬಿದೆ.

ಇನ್ನು ವೈರುಗಳು. ಕ್ಲಚ್ ವೈರ್ ತೊಂದರೆ ಕೊಡಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದೆ. ಎಕ್ಸಲೇಟರ್ ಮುಟ್ಟದೆಯೇ ಎಂಜಿನ್ ಗುಂಯ್ ಅಂತ ಏರಿತು. ಎಕ್ಸಲೇಟರ್ ವೈರ್ ಎಳೆಯುತ್ತಿದೆ ಅಂತ ಅರ್ಥ. ಬಸ್ ಸ್ಟ್ಯಾಂಡ್ ಹತ್ತಿರ ಯೂ ಟರ್ನ್ ತೆಗೆಯುವಾಗ ಹೀಗಾದರೆ ಗತಿ ಏನು? ಹೆಡ್‌ಲೈಟಿನ ಮುಂದಿನಿಂದ ಸುತ್ತಿ ಬರುತ್ತಿದ್ದ ವೈರನ್ನು ಹಿಂದಿನಿಂದ ತಂದೆ, ಸಾಕಷ್ಟು ಉದ್ದ ಸಿಕ್ಕಿತು.

ಬ್ರೇಕ್ ಹೋಸ್ ನೋಡಲು ಸರಿಯಾಗಿಯೇ ಇತ್ತು. ಸಂಜೆ ನಮ್ಮ ಬೀದಿಯ ಮೆಕ್ಯಾನಿಕ್ ಭಾಯ್ ಬಂದು, 'ಅಣ್ಣ, ಮುಂದಿನ ಚಕ್ರ ಎತ್ತಿ ನೋಡಿದ್ರಾ?' ಅಂತ ಕೇಳಿದರು. ನೋಡಿರಲಿಲ್ಲ. ಜಾಕ್ ಕೊಟ್ಟು ಚಕ್ರ ಎತ್ತಿದೆವು. ಫೋರ್ಕು ಪೂರ್ತಿ ಇಳಿಯಿತು, ಹೋಸ್ ಬಟ್ಟೆ ಒಣಗಿಸುವ ತಂತಿ ಹಾಗೆ ಬಿಗಿದುಕೊಂಡಿತು. ಹಂಪ್ ಹಾರಿದಾಗ ಆಗುವುದೂ ಇದೇ. ಹಳೆಯದಕ್ಕಿಂತ 50 ಮಿ.ಮೀ. ಹೆಚ್ಚು ಉದ್ದದ ಹೋಸ್ ತರಿಸಬೇಕಾಯಿತು, 1,100 ರೂಪಾಯಿ. ಅದನ್ನು ನಾನು ಮುಟ್ಟಲಿಲ್ಲ. ಭಾಯ್ ತಾಮ್ರದ ವಾಷರ್‌ಗಳನ್ನು ಹೊಸದಾಗಿ ಹಾಕಿ, ಡಾಟ್ 4 ಬ್ರೇಕ್ ಆಯಿಲ್ ತುಂಬಿ, ಗಾಳಿ ತೆಗೆದುಕೊಟ್ಟರು. ಹೋಸ್ ಬರುವವರೆಗೆ ನಾಲ್ಕು ದಿನ ಆಫೀಸಿಗೆ ಸಿಟಿ ಬಸ್ಸು.

ಕ್ಲಾಂಪ್ ಬೋಲ್ಟಿಗೆ ಅಂತರಸನಹಳ್ಳಿ ಫ್ಯಾಕ್ಟರಿಯಲ್ಲಿರುವ ಗೆಳೆಯನಿಂದ ಟಾರ್ಕ್ ರೆಂಚ್, ಅಂದರೆ ಬಿಗಿ ಎಷ್ಟಾಯಿತು ಅಂತ ತಿಳಿಸುವ ಪಾನಾ, ತಂದಿದ್ದೆ. ನನ್ನ ಗಾಡಿಗೆ 25 ನ್ಯೂಟನ್ ಮೀಟರ್. ಕೈಯಲ್ಲಿ ಬಿಗಿ ಮಾಡುತ್ತಿದ್ದರೆ ಇನ್ನೂ ಎಳೆದು ಬೋಲ್ಟಿನ ಮರೆ (ಥ್ರೆಡ್) ಕೆಡಿಸುತ್ತಿದ್ದೆ ಅಂತ ಆವತ್ತು ಗೊತ್ತಾಯಿತು.

ಮೊದಲ ಸುತ್ತು ದೇವರಾಯನದುರ್ಗ, ನಾಮದ ಚಿಲುಮೆ ಮೇಲೆ. ಬೆಟ್ಟದ ತಿರುವುಗಳಲ್ಲಿ ಹ್ಯಾಂಡಲ್ ಸ್ವಲ್ಪ ಭಾರ ಅನ್ನಿಸಿತು. ಹೊಸದು 30 ಮಿ.ಮೀ. ಕಿರಿದು, ತಿರುಗಿಸಲು ಹೆಚ್ಚು ಬಲ ಬೇಕು. ಎರಡು ದಿನದಲ್ಲಿ ಕೈಗೆ ಒಗ್ಗಿತು. ಹೆದ್ದಾರಿಯಲ್ಲಿ 85 ದಾಟಿದರೆ ಗ್ರಿಪ್ ಜುಮ್ಮೆನ್ನುತ್ತಿತ್ತು. ಹಳೇ ಹ್ಯಾಂಡಲ್ ತುದಿಯ ತೂಕದ ಗುಂಡುಗಳನ್ನು ಹಾಕುವುದೇ ಮರೆತಿದ್ದೆ. ಅವನ್ನು ಹಾಕಿದ ಮೇಲೆ ಮುಕ್ಕಾಲು ಪಾಲು ಕಡಿಮೆಯಾಯಿತು. ಮಿರರ್‌ನಲ್ಲಿ ಮಾತ್ರ ಈಗಲೂ ಅರ್ಧ ರಸ್ತೆ, ಅರ್ಧ ನನ್ನ ಮೊಣಕೈ. ಅದಕ್ಕಿನ್ನೂ ದಾರಿ ಸಿಕ್ಕಿಲ್ಲ. 300 ಕಿಲೋಮೀಟರ್ ಆದ ಮೇಲೆ ಬೋಲ್ಟ್‌ಗಳನ್ನು ಮತ್ತೆ ನೋಡಿದೆ. ಒಂದು ಬೋಲ್ಟು ಕಾಲು ಸುತ್ತು ತಿರುಗಿತು.

ಕಳೆದ ತಿಂಗಳು ಮತ್ತೆ ಚಿತ್ರದುರ್ಗಕ್ಕೆ ಹೋದೆ. ಹಿರಿಯೂರಿನಲ್ಲಿ ಅಭ್ಯಾಸಬಲದಿಂದ ಟೀಗೆ ನಿಲ್ಲಿಸಿ ಜೇಬಿಗೆ ಕೈ ಹಾಕಿದೆ. ಐದರ ನಾಣ್ಯ ನೋಡದೆಯೇ ಕೈಗೆ ಬಂತು. ದುರ್ಗದ ಹತ್ತಿರ ಕಿರುಬೆರಳು ಸ್ವಲ್ಪ ಜುಮ್ಮೆಂದಿತು, ಕೈ ಕೊಡವಿದರೆ ಹೋಯಿತು.

ಹೋದ ವಾರ ನನ್ನ ಭಾವಮೈದ ಗಾಡಿ ಕೇಳಿ ತೆಗೆದುಕೊಂಡು ಹೋದ. ಆರಡಿ ಆಳು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ವಾಪಸ್ಸು ಬಂದವನು ಕೀ ಕೈಗಿಡುತ್ತಾ, 'ಏನ್ ಭಾವ ಇದು, ನೀರಿನ ಕೊಡ ತಬ್ಕೊಂಡು ಕೂತಂಗೈತೆ! ಮೊದಲಿದ್ದಿದ್ದೇ ಚೆನ್ನಾಗಿತ್ತು' ಅಂದ.