ಹುಚ್ಚುನಾಯಿ ಕಚ್ಚಿದ ಸಾಕುನಾಯಿಗೆ ಹತ್ತು ದಿನ ಸಾಲದು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ನಾಯಿಗಳ ಕ್ವಾರಂಟೈನ್ ನೋಡಿಕೊಳ್ಳುವಾಗ ನಾನು ಮೊದಲು ಸರಿಮಾಡುವುದು ದಿನಗಳ ಲೆಕ್ಕವನ್ನು. “ಹತ್ತು ದಿನ ಕಟ್ಟಿ ಹಾಕಿದ್ದೆವು, ಏನೂ ಆಗಲಿಲ್ಲ, ಬಿಟ್ಟೆವು” ಎನ್ನುವವರೇ ಹೆಚ್ಚು. ಹತ್ತು ದಿನದ ನಿಯಮ ಇರುವುದು ಮನುಷ್ಯರಿಗೆ ಕಚ್ಚಿದ ನಾಯಿ, ಬೆಕ್ಕುಗಳಿಗೆ. ಹುಚ್ಚುನಾಯಿಯಿಂದ ಕಚ್ಚಿಸಿಕೊಂಡ ನಾಯಿಗೆ ಅದು ಅನ್ವಯಿಸುವುದೇ ಇಲ್ಲ.

ರೇಬೀಸ್ ವೈರಸ್ ಗಾಯದಿಂದ ನರದ ದಾರಿಯಾಗಿ ಮಿದುಳಿಗೆ ಹೋಗಿ, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ಇಳಿಯುತ್ತದೆ. ಲಕ್ಷಣ ಕಾಣುವ ಕೆಲವೇ ದಿನ ಮೊದಲು ಜೊಲ್ಲಿಗೆ ಬರುತ್ತದೆ. ಹಾಗಾಗಿ ಕಚ್ಚಿದ ದಿನವೇ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಆ ನಾಯಿ ಹತ್ತು ದಿನದೊಳಗೆ ಕಾಯಿಲೆ ಬೀಳುತ್ತದೆ. ಕಚ್ಚಿಸಿಕೊಂಡ ನಾಯಿಯಲ್ಲಿ ರೋಗ ಏಳಲು ಸಾಮಾನ್ಯವಾಗಿ ಮೂರರಿಂದ ಹನ್ನೆರಡು ವಾರ ಬೇಕು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಹನ್ನೊಂದನೇ ದಿನ ಬಿಟ್ಟ ನಾಯಿ ರೋಗ ಏಳುವ ಹೊತ್ತಿಗೆ ಮಕ್ಕಳ ನಡುವೆ ಆಡುತ್ತಿರುತ್ತದೆ.

ನಾನು ಅನುಸರಿಸುವುದು ಅಮೆರಿಕದ ಸಾರ್ವಜನಿಕ ಆರೋಗ್ಯ ಪಶುವೈದ್ಯರ ಲೆಕ್ಕ. ಚುಚ್ಚುಮದ್ದಿನ ಅವಧಿ ಮುಗಿಯದ ನಾಯಿಗೆ ಕೂಡಲೇ ಬೂಸ್ಟರ್ ಕೊಟ್ಟು 45 ದಿನ ಮನೆಯಲ್ಲೇ ನಿಗಾ. ಒಮ್ಮೆಯೂ ಹಾಕಿಸದ ನಾಯಿ, ಬೆಕ್ಕಿಗೆ ನಾಲ್ಕು ತಿಂಗಳ ಕಟ್ಟುನಿಟ್ಟಿನ ಕ್ವಾರಂಟೈನ್. ಇದು ಮೊದಲು ಆರು ತಿಂಗಳಿತ್ತು, 2016ರಲ್ಲಿ ನಾಲ್ಕಕ್ಕೆ ಇಳಿಸಿದರು. ನಮ್ಮ ಮೃಗಾಸ್ಪತ್ರೆಯ ಡಾಕ್ಟರರು ಇದಕ್ಕಿಂತ ಹೆಚ್ಚು ಹೇಳಿದರೆ ಅವರ ಮಾತೇ ಅಂತಿಮ. ಮೊದಲ ಚುಚ್ಚುಮದ್ದು ಕೊಟ್ಟು 28 ದಿನ ಆಗದ ನಾಯಿಯನ್ನು ಚುಚ್ಚುಮದ್ದು ಇಲ್ಲದ ನಾಯಿಯೆಂದೇ ಎಣಿಸಬೇಕು. ಕಾರ್ಡಿನಲ್ಲಿ ತಾರೀಕು, ಬ್ಯಾಚ್ ನಂಬರ್, ಡಾಕ್ಟರರ ಸಹಿ ಇಲ್ಲದಿದ್ದರೆ “ಪುತ್ತೂರಿನಲ್ಲಿ ಹಾಕಿಸಿದ್ದೇವೆ” ಎಂಬ ಬಾಯಿಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇರಳದಲ್ಲಿ 1998ರ ನಿಯಮದಂತೆ ನಾಯಿ ಸಾಕಲು ಪಂಚಾಯತಿನ ಲೈಸನ್ಸ್ ಬೇಕು, ಅದಕ್ಕೂ ಇದೇ ಕಾರ್ಡು ಬೇಕು.

ಹುಚ್ಚುನಾಯಿ ಕಚ್ಚಿದ ಕೂಡಲೇ ಸಾಕುನಾಯಿಯ ಗಾಯ ತೊಳೆಯಬೇಕು. ಅದಕ್ಕೂ ಮೊದಲು ಕೈಗೆ ರಬ್ಬರ್ ಗ್ಲೌಸ್ ಹಾಕಿ, ನಾಯಿಯ ಮೂತಿಗೆ ಬಟ್ಟೆ ಕಟ್ಟಿ. ಕಚ್ಚಿದ ನಾಯಿಯ ಹಸಿ ಜೊಲ್ಲು ರೋಮದಲ್ಲಿ ಇರುತ್ತದೆ, ಬರಿಗೈಯಲ್ಲಿ ಸವರಿದರೆ ಅದು ನಿಮ್ಮ ಕೈಯ ಗೀರಿಗೆ ಸೇರುತ್ತದೆ. ಸೋಪು ಹಾಕಿ, ಪೈಪಿನ ಹರಿಯುವ ನೀರಿನಲ್ಲಿ 15 ನಿಮಿಷ, ಗಡಿಯಾರ ನೋಡಿಯೇ ತೊಳೆಯಿರಿ. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪಿಗೆ ಒಡೆಯುತ್ತದೆ. ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಸುಣ್ಣ, ಅರಿಶಿನ, ಸೀಮೆಎಣ್ಣೆ ಬೇಡ. ಉದ್ದ ರೋಮದ ನಾಯಿಯಲ್ಲಿ ಕಿವಿಯ ಹಿಂದೆ, ತೊಡೆಯ ಒಳಗೆ, ಬೆರಳಿನ ಸಂದಿಯಲ್ಲಿ ರೋಮ ಬಿಡಿಸಿ ನೋಡಿ. ಸೂಜಿ ಚುಚ್ಚಿದಷ್ಟೇ ಕಾಣುವ ಹಲ್ಲಿನ ಗುರುತೂ ಗಾಯವೇ.

ನಮ್ಮಲ್ಲಿ ಕಚ್ಚಿಸಿಕೊಂಡ ಪ್ರಾಣಿಗೆ ಸಾಮಾನ್ಯವಾಗಿ 0, 3, 7, 14, 28ನೇ ದಿನ ಚುಚ್ಚುಮದ್ದು ಕೊಡುತ್ತಾರೆ, ದನಕ್ಕೂ ಇದೇ ಕ್ರಮ. ಮೆಡಿಕಲ್ಲಿನಿಂದ ಮದ್ದು ತರುವಾಗ ಫ್ಲಾಸ್ಕಿನಲ್ಲಿ ತನ್ನಿ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಏಪ್ರಿಲ್ ಬಿಸಿಲಲ್ಲಿ ಬೈಕಿಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮದ್ದು ನಂಬಿಕೆಗೆ ಯೋಗ್ಯವಲ್ಲ. ಹಾಗೆಂದು ಐಸಿಗೇ ತಾಗಿಸಿ ಇಟ್ಟರೆ ಹೆಪ್ಪುಗಟ್ಟಿ ಹಾಳಾಗುತ್ತದೆ, ನಡುವೆ ಬಟ್ಟೆ ಇರಲಿ.

ಇನ್ನು ಗೂಡು. ಸಂಕೋಲೆಯಲ್ಲಿ ಕಟ್ಟಿ ಹಾಕುವುದು ಕ್ವಾರಂಟೈನ್ ಅಲ್ಲ. ರಾತ್ರಿ ಬೀದಿನಾಯಿ, ನರಿ ಅಂಗಳಕ್ಕೆ ಬರುತ್ತವೆ, ಹಗಲು ಮಕ್ಕಳು ಬರುತ್ತಾರೆ. ನಾನು ಕಟ್ಟಿಸುವುದು ಮೂರು ಬದಿ ಮುರಕಲ್ಲಿನ ಗೋಡೆ, ಎದುರಿಗೆ ಮೂತಿ ತೂರದಷ್ಟು ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ, ಮೇಲೂ ಜಾಲರಿ. ನೆಲಕ್ಕೆ ಸಿಮೆಂಟು ಹಾಕಿ ಹೊರಗೆ ಇಳಿಜಾರು ಕೊಡಬೇಕು, ಮಣ್ಣಿನ ನೆಲವಾದರೆ ನಾಯಿ ತೋಡಿ ಹೊರಬರುತ್ತದೆ. ಎದುರು ಜಾಲರಿಯಿಂದ ಎರಡು ಮಾರು ದೂರದಲ್ಲಿ ಇನ್ನೊಂದು ಬೇಲಿ ಬೇಕೇ ಬೇಕು, ಇಲ್ಲದಿದ್ದರೆ ಬೇರೆ ನಾಯಿ ಬಂದು ಮೂತಿ ತಾಗಿಸುತ್ತದೆ. ಅನ್ನ, ನೀರಿನ ಪಾತ್ರೆ ಅಡಿಯ ಕಿಂಡಿಯಿಂದ ಕೋಲಿನಲ್ಲಿ ಒಳಗೆ ತಳ್ಳುವಂತಿರಲಿ. ಬೀಗ ಹಾಕಿ, ಕೀ ಒಬ್ಬರ ಕೈಯಲ್ಲೇ ಇರಲಿ. ಆ ಒಬ್ಬರು 0, 7 ಮತ್ತು 21 ಅಥವಾ 28ನೇ ದಿನದ ಮುಂಜಾಗ್ರತೆ ಚುಚ್ಚುಮದ್ದು ಹಾಕಿಸಿಕೊಂಡವರಾದರೆ ಒಳ್ಳೆಯದು.

ದಿನಾ ಬೆಳಿಗ್ಗೆ ನಾನು ನೋಡುವುದು ನೀರಿನ ಪಾತ್ರೆಯನ್ನು. ಒಳಗೆ ಒಂದು ಗೀಟು ಎಳೆದು ಅಲ್ಲಿಯವರೆಗೆ ನೀರು ತುಂಬಿಸಿಟ್ಟಿರುತ್ತೇನೆ. ನಾಯಿ ನಾಲಿಗೆ ಆಡಿಸಿದರೂ ಗೀಟು ಇಳಿಯದಿದ್ದರೆ, ನೀರಿನ ಮೇಲೆ ಜೊಲ್ಲಿನ ಎಳೆ ತೇಲುತ್ತಿದ್ದರೆ, ನುಂಗಲು ಆಗುತ್ತಿಲ್ಲ ಎಂದರ್ಥ. ಹುಚ್ಚು ಹಿಡಿದ ನಾಯಿ ನೀರಿಗೆ ಹೆದರುತ್ತದೆ ಎಂದು ನಂಬಿ ಮೋಸಹೋಗುವವರು ತುಂಬ ಜನ. ನಾಯಿಗೆ ಆ ಹೆದರಿಕೆ ಇಲ್ಲ, ನೀರು ಕಂಡರೆ ಬಾಯಿ ಹಾಕುತ್ತದೆ. ಇನ್ನೊಂದು ಗುರುತು ಸ್ವರ. ಬೊಗಳು ಕೊನೆಗೆ ಎಳೆದು ಊಳಿನಂತಾಗುತ್ತದೆ. ಕೆಳದವಡೆ ಜೋತು ಬಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ದಯವಿಟ್ಟು ಕೈ ಹಾಕಬೇಡಿ. ಆರ್ಭಟವಿಲ್ಲದೆ ಮೂಲೆ ಹಿಡಿದು ಕೂರುವ ಈ ಬಗೆಯ ರೇಬೀಸಿನಲ್ಲೇ ಹೆಚ್ಚು ಜನ ಮೈಮರೆಯುತ್ತಾರೆ. ಹಟ್ಟಿಯಲ್ಲೂ ಹೀಗೆಯೇ, ದನ ಬಿಡದೆ ಕೂಗುತ್ತಾ ಜೊಲ್ಲು ಸುರಿಸಿದರೆ ಬಾಯಿಗೆ ಕೈ ಬೇಡ.

ಕ್ವಾರಂಟೈನಿನಲ್ಲಿರುವ ನಾಯಿಯನ್ನು ಗಡಿ ದಾಟಿಸಿ ವಿಟ್ಲ, ಮಂಗಳೂರಿನ ನೆಂಟರ ಮನೆಗೆ ಕಳಿಸಬೇಡಿ. ಅಲ್ಲಿ ಅದರ ಕಥೆ ಯಾರಿಗೂ ತಿಳಿದಿರುವುದಿಲ್ಲ. ಅದು ಯಾರಿಗಾದರೂ ಕಚ್ಚಿದರೆ ಹತ್ತು ದಿನ ಕಾದು ನೋಡುವುದಲ್ಲ, ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯದ ಮದ್ದು) ಕೂಡ ಬೇಕಾಗುತ್ತದೆ, ಬಾಯಿಬಿಟ್ಟು ಕೇಳಿ.

ಲಕ್ಷಣ ಕಂಡರೆ ಬೀಗ ತೆಗೆಯದೆ ಮೃಗಾಸ್ಪತ್ರೆಗೂ ಪಂಚಾಯತಿಗೂ ಫೋನ್ ಮಾಡಿ. ರೇಬೀಸ್ 2009ರ ಕೇಂದ್ರ ಕಾಯ್ದೆಯ ರೋಗಪಟ್ಟಿಯಲ್ಲಿ ಉಂಟು, ತಿಳಿಸುವುದು ಮಾಲೀಕನ ಹೊಣೆ. ನಾಯಿ ಸತ್ತರೆ ಹೂಳಲು ಅವಸರ ಬೇಡ. ಖಚಿತಪಡಿಸಲು ಮಿದುಳು ಬೇಕು, ಹಾಗಾಗಿ ತಲೆಗೆ ಏಟು ಬೀಳಬಾರದು, ದೇಹ ಬಿಸಿಲಲ್ಲಿ ಇರಬಾರದು. ಗ್ಲೌಸ್ ಹಾಕಿ ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಸುತ್ತ ಐಸ್ ಇಟ್ಟು ಡಾಕ್ಟರರಿಗೆ ಕಾಯಿರಿ. ಇಲ್ಲಿಂದ ಮಾದರಿ ಕಣ್ಣೂರಿನ ಪ್ರಾದೇಶಿಕ ರೋಗ ನಿರ್ಣಯ ಪ್ರಯೋಗಾಲಯಕ್ಕೆ ಹೋಗುತ್ತದೆ. ಆಮೇಲೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಗೂಡನ್ನು ಸೋಪಿನಲ್ಲಿ ತೊಳೆದು ಬ್ಲೀಚಿಂಗ್ ಪುಡಿಯ ನೀರು ಹೊಯ್ದು, ಬಿಸಿಲಿಗೆ ಒಣಗಲು ಬಿಡಿ.